ಟೇಪು ಹಿಡಿದು ಕಾರು ನೋಡಿದ್ದು

ನಾನು ದರ್ಜಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸಣ್ಣ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಎಂಜಿನ್ ಬಗ್ಗೆ ನನಗೆ ತಿಳಿದಿರುವುದು ಅಷ್ಟಕ್ಕಷ್ಟೆ. ಆದರೆ ಮನೆಗೊಂದು ಹಳೆಯ ದೊಡ್ಡ ಕಾರು ಹುಡುಕಿದ ನಾಲ್ಕು ತಿಂಗಳಲ್ಲಿ ನನ್ನನ್ನು ಕಾಪಾಡಿದ್ದು ದಿನವೂ ಕೊರಳಲ್ಲಿ ತೂಗುವ ಟೇಪೇ.

ಮನೆಯಲ್ಲಿ ಆರು ಜನ. ಅಮ್ಮ, ನಮ್ಮ ಜೊತೆಗೇ ಇರುವ ಅಪ್ಪನ ತಂಗಿ, ಅಂದರೆ ಅತ್ತೆ, ಹೆಂಡತಿ, ಮಗಳು, ಮಗ, ನಾನು. ಇದ್ದದ್ದು ಐದು ಸೀಟಿನ ಹಳೆಯ ವ್ಯಾಗನ್ ಆರ್. ಎಲ್ಲಿಗೆ ಹೊರಟರೂ ಅತ್ತೆ, “ನೀವೆಲ್ಲ ಹೋಗಿ ಬನ್ನಿ, ಮನೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ” ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ನೋಡಿಕೊಳ್ಳುವಂಥದ್ದು ಒಂದು ತುಳಸಿ ಕಟ್ಟೆ, ಎರಡು ಕ್ರೋಟನ್ ಗಿಡ ಬಿಟ್ಟರೆ ಏನೂ ಇಲ್ಲ. ಇದು ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಚೀಟಿ ಎತ್ತಿದ ಹಣ, ವ್ಯಾಗನ್ ಆರ್ ಮಾರಿದರೆ ಬರುವುದು, ಸೊಸೈಟಿಯ ಒಂದಿಷ್ಟು ಸಾಲ ಎಲ್ಲ ಕೂಡಿಸಿದರೆ ಆರು ಲಕ್ಷ. ಅದರಲ್ಲಿ ಅರವತ್ತು ಸಾವಿರವನ್ನು ಮೊದಲೇ ಬೇರೆ ಲಕೋಟೆಯಲ್ಲಿ ಇಟ್ಟುಬಿಟ್ಟೆ. ಹಳೆಯ ಕಾರಿಗೆ ಬೆಲೆ ಕೊಟ್ಟರೆ ಮುಗಿಯುವುದಿಲ್ಲ. ಟೈರು, ಬ್ಯಾಟರಿ, ವಿಮೆ, ಹೆಸರು ಬದಲಾವಣೆ ಎಲ್ಲ ಕೈ ಚಾಚುತ್ತಾ ಹಿಂದೆಯೇ ಬರುತ್ತವೆ. ಬಟ್ಟೆಗೇ ಎಲ್ಲ ಹಣ ಹಾಕಿ ಹೊಲಿಗೆ ಕೂಲಿಗೆ ಪರದಾಡುವ ಗಿರಾಕಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಾರು ನೋಡಲು ಹೋಗುವ ಮೊದಲು ಮನೆಯಲ್ಲೇ ಅಳತೆ ತೆಗೆದುಕೊಂಡೆ. ಗಾಡಿ ನಿಲ್ಲಿಸುವ ಶೀಟಿನ ಚಪ್ಪರ ಗೇಟಿನಿಂದ ಗೋಡೆಯವರೆಗೆ ಹದಿನಾಲ್ಕೂವರೆ ಅಡಿ. ಎಲ್ಲರೂ ಕಣ್ಣು ಮುಚ್ಚಿಕೊಂಡು ತೆಗೆದುಕೋ ಎಂದದ್ದು ಇನ್ನೋವಾ. ಬಿಡದಿಯಲ್ಲಿ ತಯಾರಾಗುವ, 2005ರಿಂದ ನಮ್ಮ ರಸ್ತೆಗಳಲ್ಲಿ ಓಡುತ್ತಿರುವ ಗಟ್ಟಿ ಗಾಡಿ, ಅದರಲ್ಲಿ ತಕರಾರಿಲ್ಲ. ಆದರೆ ಹಳೆಯ ಇನ್ನೋವಾದ ಉದ್ದ ಹೆಚ್ಚೂ ಕಡಿಮೆ ಹದಿನೈದು ಅಡಿ. ಗೇಟು ಮುಚ್ಚುವುದಿಲ್ಲ. ಮಾರುತಿಯ ಎರ್ಟಿಗಾ ಹದಿನಾಲ್ಕು ಅಡಿಯ ಆಸುಪಾಸು. ಅರ್ಧ ಅಡಿಯಲ್ಲಿ ಒಂದು ದೊಡ್ಡ ಚರ್ಚೆಯೇ ಮುಗಿಯಿತು. ಅಲ್ಲದೆ ನನ್ನ ಹಣಕ್ಕೆ ಸಿಗುತ್ತಿದ್ದ ಇನ್ನೋವಾಗಳು ಎರಡು ಲಕ್ಷ ಕಿಲೋಮೀಟರ್ ದಾಟಿದವು, ಅದರಲ್ಲೂ ಹೆಚ್ಚಿನವು ಒಂದು ಕಾಲದಲ್ಲಿ ಹಳದಿ ಬೋರ್ಡಿನಲ್ಲಿ ದುಡಿದು ದಣಿದವು.

ಆಮೇಲೆ ಅಮ್ಮನ ಅಳತೆ. ನಿಂತವರ ಅಳತೆ ಬೇರೆ, ಕುಳಿತವರ ಅಳತೆ ಬೇರೆ. ನಿಂತಾಗ ಅಂದವಾಗಿ ಕಾಣುವ ಪ್ಯಾಂಟು ಕುಳಿತಾಗ ತೊಡೆ ಹಿಡಿಯುತ್ತದೆ. ಕಾರಿನಲ್ಲಿ ಯಾರೂ ನಿಲ್ಲುವುದಿಲ್ಲವಾದ್ದರಿಂದ ಅಮ್ಮನನ್ನು ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂರಿಸಿ ಬೆನ್ನಿನಿಂದ ಮಂಡಿಯ ತುದಿಗೆ ಟೇಪು ಹಿಡಿದೆ: 22 ಇಂಚು. ಅವರ ಬಲ ಮಂಡಿ ಪೂರ್ತಿ ಮಡಚುವುದಿಲ್ಲ, ಹಾಗಾಗಿ ಮುಂದೆ ಇನ್ನು ಐದಾರು ಇಂಚು ಸಡಿಲ ಬೇಕು. ಹಿಡಿಕೆ ಇಲ್ಲದೆ ಅವರು ಹತ್ತಬಲ್ಲ ಮೆಟ್ಟಿಲಿನ ಎತ್ತರ ಒಂಬತ್ತು ಇಂಚು. ಇದನ್ನೆಲ್ಲ ಅಂಗಡಿಯ ಅಳತೆ ಪುಸ್ತಕದಲ್ಲೇ ಬರೆದುಕೊಂಡೆ. ಹೆಂಡತಿ ನಕ್ಕಳು.

ಮಂಡಿಯ ಲೆಕ್ಕದಲ್ಲಿ ಮಹೀಂದ್ರಾ ಕ್ಸೈಲೋ ಬಿದ್ದುಹೋಯಿತು. ಒಳಗೆ ಮದುವೆ ಮಂಟಪದಷ್ಟು ಜಾಗ, ಬೆಲೆಯೂ ಕಡಿಮೆ. ಆದರೆ ಅದು ಜೀಪಿನ ಹಾಗೆ ಚಾಸಿಯ ಮೇಲೆ ಕೂರಿಸಿದ ಗಾಡಿ, ನೆಲ ಎತ್ತರ. ಅಮ್ಮ ಒಂದು ಕಾಲಿಟ್ಟು, ಬಾಗಿಲಿನ ಹಿಡಿಕೆಗೆ ಜೋತು, “ಇದು ಬಸ್ಸಾ?” ಎಂದು ಕೇಳಿ ಇಳಿದುಬಿಟ್ಟರು. ಷೆವ್ರೊಲೆ ಎಂಜಾಯ್ ನೋಡಲು ಚೆನ್ನಾಗಿತ್ತು, ಮೂರೂವರೆ ಲಕ್ಷದೊಳಗೆ ಬರುತ್ತಿತ್ತು. ಆದರೆ ಕಂಪನಿ 2017ರ ಕೊನೆಗೇ ಇಲ್ಲಿ ಮಾರಾಟ ನಿಲ್ಲಿಸಿ ಹೋಗಿದೆ, ಹಾಗಾಗಿ ಬಿಟ್ಟೆ. ರೆನೋ ಲಾಡ್ಜಿ ಇಲ್ಲಿ ಬಂದದ್ದು ಡೀಸೆಲ್‌ನಲ್ಲಿ ಮಾತ್ರ. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಓಡಿಸುವ ನನ್ನಂಥವನಿಗೆ ಡೀಸೆಲ್ ಲೆಕ್ಕ ಕೂಡುವುದಿಲ್ಲ. ಹೋಂಡಾ ಮೊಬಿಲಿಯೋ ಪೆಟ್ರೋಲ್ ನಿಜಕ್ಕೂ ಮನಸ್ಸಿಗೆ ಹಿಡಿಸಿತ್ತು. ಎಂಜಿನ್ ಹೋಂಡಾ ಸಿಟಿಯದ್ದೇ ಆದ್ದರಿಂದ ಅದರ ಬಿಡಿಭಾಗಕ್ಕೆ ಹೆದರಬೇಕಾಗಿಲ್ಲ, ಆದರೆ ಹಿಂದಿನ ದೀಪವೋ ಬಂಪರೋ ಒಡೆದರೆ ಕಾಯಬೇಕಾಗುತ್ತದೆ ಎಂದು ನಮ್ಮ ಮೆಕ್ಯಾನಿಕ್ ಎಚ್ಚರಿಸಿದರು. ಆ ಗಾಡಿ 2014ರಲ್ಲಿ ಬಂದು 2017ರಲ್ಲೇ ನಿಂತುಹೋಯಿತು.

ರೆನೋ ಟ್ರೈಬರ್ ಬಗ್ಗೆ ಎರಡು ಮಾತು. ನಾಲ್ಕು ಮೀಟರಿಗಿಂತ ಒಂದು ಸೆಂಟಿಮೀಟರ್ ಚಿಕ್ಕದಾದ ಗಾಡಿಯಲ್ಲಿ ಏಳು ಸೀಟು ಕೂರಿಸಿದ ಆ ಕೆಲಸಗಾರಿಕೆಗೆ ದರ್ಜಿಯಾಗಿ ಕೈ ಮುಗಿಯುತ್ತೇನೆ. ಒಂದು ಮೀಟರ್ ಬಟ್ಟೆಯಲ್ಲಿ ತುಂಬುತೋಳಿನ ಅಂಗಿ ಎಬ್ಬಿಸಿದ ಹಾಗೆ. ಮೂರನೆಯ ಸಾಲನ್ನು ಕಿತ್ತು ಮನೆಯಲ್ಲಿ ಇಟ್ಟರೆ 625 ಲೀಟರ್ ಡಿಕ್ಕಿ, ಎಲ್ಲರೂ ಕುಳಿತರೆ 84 ಲೀಟರ್. ಎಂಜಿನ್ ಒಂದು ಲೀಟರಿನದ್ದು, ಮೂರು ಸಿಲಿಂಡರ್. ಆರು ಜನ, ಲಗೇಜು, ಮಲೆನಾಡಿನ ಏರು. ನಮ್ಮಂಥವರಿಗೆ ಸಾಲದು ಎನಿಸಿತು. ಊರೊಳಗಿನ ಓಡಾಟವೇ ಹೆಚ್ಚಿರುವವರು ಧಾರಾಳವಾಗಿ ನೋಡಬಹುದು.

ಕೊನೆಗೆ ಉಳಿದದ್ದು ಮೊದಲ ತಲೆಮಾರಿನ ಎರ್ಟಿಗಾ, 2012ರಿಂದ 2018ರವರೆಗೆ ಬಂದದ್ದು. ಅದರಲ್ಲೂ ಒಂದು ಸೂಕ್ಷ್ಮವಿದೆ. 2015ರ ಕೊನೆಯಲ್ಲಿ ಬದಲಾಗಿ ಬಂದ ಗಾಡಿಯಲ್ಲಿ ಮೂರನೆಯ ಸಾಲಿನ ಸೀಟು ಅರ್ಧಕ್ಕೆ ಸೀಳಿದೆ, ಬೇಕಾದ ಭಾಗವನ್ನಷ್ಟೇ ಮಡಚಬಹುದು. ಅದಕ್ಕಿಂತ ಹಳೆಯದರಲ್ಲಿ ಮಡಚಿದರೆ ಇಡೀ ಸಾಲು ಮಡಚಬೇಕು. ಮೂರೂ ಸಾಲು ಎದ್ದು ನಿಂತರೆ ಡಿಕ್ಕಿ ಬರೀ 135 ಲೀಟರ್, ಎರಡು ಪ್ರಯಾಣದ ಬ್ಯಾಗಿನಷ್ಟು ಸಾಮಾನಿಗೇ ಬಾಗಿಲು ಮುನಿಸಿಕೊಳ್ಳುತ್ತದೆ. ಆರು ಜನರ ಮನೆಗೆ ಬೇಕಾದದ್ದು ಐದು ಸೀಟು, ಹಿಂದೆ ಅರ್ಧ ಸಾಲು, ಇನ್ನರ್ಧದಲ್ಲಿ ಲಗೇಜು. ಹಾಗಾಗಿ 2016ರಿಂದ ಈಚಿನದು, ಪೆಟ್ರೋಲ್ ಎಂದು ಗಟ್ಟಿ ಮಾಡಿಕೊಂಡೆ. ಸಿಎನ್‌ಜಿ ಇದ್ದದ್ದನ್ನು ಬಿಟ್ಟೆ. ಸಿಲಿಂಡರ್ ಕೂರುವುದು ಆ ಸಣ್ಣ ಡಿಕ್ಕಿಯಲ್ಲೇ.

ಈಗ ಮೋಸಗಳ ವಿಷಯ.

ಹಳೆ ಕಾರು ಮಾರುವ ಒಂದು ಅಂಗಡಿಯಲ್ಲಿ ಬಿಳಿ ಎರ್ಟಿಗಾ ನಿಂತಿತ್ತು. ಮೀಟರಿನಲ್ಲಿ 61,000 ಕಿಲೋಮೀಟರ್. ಹೊಸ ರೆಕ್ಸಿನ್ ಸೀಟ್ ಕವರು ಹೊಳೆಯುತ್ತಿತ್ತು. ಇಷ್ಟು ಕಡಿಮೆ ಓಡಿದ ಗಾಡಿಗೆ ಹೊಸ ಕವರು ಏಕೆ ಎಂದು ಚಾಲಕನ ಸೀಟಿನ ಪಕ್ಕದ ಕೊಕ್ಕೆ ಬಿಚ್ಚಿ ಎತ್ತಿದೆ. ಒಳಗಿನ ಮೂಲ ಬಟ್ಟೆ ಬಾಗಿಲ ಕಡೆಯ ಅಂಚಿನಲ್ಲಿ ತೇದು, ಸ್ಪಂಜು ಇಣುಕಿ, ಯಾರೋ ಕೈಯಿಂದ ಹೊಲಿದಿದ್ದರು. ಕಾರ್ಖಾನೆಯ ಹೊಲಿಗೆ ಒಂದೇ ಅಳತೆಯ ಕಾಲುಗಳಲ್ಲಿ ಓಡುತ್ತದೆ, ದಾರ ಸಿಂಥೆಟಿಕ್‌ನದ್ದು. ಇದು ಹತ್ತಿಯ ದಾರ, ಕುಂಟು ಹೊಲಿಗೆ. ಒಬ್ಬ ಮನುಷ್ಯ ಇಳಿಯುವಾಗ, ಹತ್ತುವಾಗ ತೊಡೆ ಉಜ್ಜುವ ಜಾಗ ಅದು. ಅಷ್ಟು ತೇಯಬೇಕಾದರೆ ಸಾವಿರಾರು ಸಲ ಇಳಿದು ಹತ್ತಿರಬೇಕು. ಕ್ಲಚ್ ಪೆಡಲಿನ ರಬ್ಬರು ನುಣ್ಣಗೆ ಬೋಳಾಗಿತ್ತು, ಬ್ರೇಕಿನದ್ದು ಮಾತ್ರ ಹೊಚ್ಚ ಹೊಸದು. ಸರ್ವಿಸ್ ದಾಖಲೆ ಕೊಡಿ ಎಂದೆ. ಕಳೆದುಹೋಗಿದೆ ಎಂದರು. ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದಾಗ, ಎರಡು ವರ್ಷದ ಹಿಂದೆಯೇ ಅದು 1,38,000 ಕಿಲೋಮೀಟರ್ ಓಡಿತ್ತು ಎಂದು ತಿಳಿಯಿತು.

ಇನ್ನೊಂದು ಬೆಂಗಳೂರಿನ ಗಾಡಿ, ಬೆಲೆ ಅರ್ಧ ಲಕ್ಷ ಅಗ್ಗ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದ ನೆನಪು. ಮಧ್ಯದ ಸಾಲಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ದಿನವೂ ಹೊರಗೆ ಬರುವ ಭಾಗ ಸ್ವಚ್ಛವಾಗಿತ್ತು. ಸುರುಳಿಯೊಳಗೆ ಅಡಗಿದ ಭಾಗದಲ್ಲಿ ಅಲೆಯಂಥ ಕಂದು ಗೆರೆ. ಬಟ್ಟೆಯ ಮೇಲೆ ಚಹಾ ಚೆಲ್ಲಿದರೂ, ಕೆಸರು ನೀರು ನಿಂತರೂ ಕಲೆ ನಡುವೆ ತೆಳುವಾಗಿ ಅಂಚಿನಲ್ಲಿ ಗಾಢವಾಗಿರುತ್ತದೆ. ಒಣಗುವಾಗ ನೀರು ಅಂಚಿನ ಕಡೆ ಹರಿಯುತ್ತಾ ಕೊಳೆಯನ್ನು ಅಲ್ಲಿಗೆ ತಂದು ಬಿಡುತ್ತದೆ. ಸೀಟು ತೊಳೆದಿದ್ದರು, ಕಾರ್ಪೆಟ್ ಬದಲಿಸಿದ್ದರು, ಬೆಲ್ಟು ಮಾತ್ರ ಮರೆತಿದ್ದರು. ಮಾರುವವರಿಗೆ ಏನೂ ಹೇಳದೆ ಬಸ್ಸು ಹತ್ತಿದೆ. ಜಗಳವಾಡಿ ನನಗೇನು ಲಾಭ?

ದೆಹಲಿ ನೋಂದಣಿಯ ಡೀಸೆಲ್ ಗಾಡಿಯೊಂದನ್ನೂ ತೋರಿಸಿದರು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ನಿರ್ಬಂಧ ಬಂದ ಮೇಲೆ ಅಂಥವು ದಕ್ಷಿಣಕ್ಕೆ ಅಗ್ಗವಾಗಿ ಇಳಿಯುತ್ತಿದ್ದವು. ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಿಸಿ, ಇಲ್ಲಿ ಗಾಡಿಯ ವಯಸ್ಸಿನ ಪ್ರಕಾರ ಆಜೀವ ತೆರಿಗೆ ಕಟ್ಟಿ, ಹೊಸ ನಂಬರ್ ಹಾಕಿಸುವಷ್ಟರಲ್ಲಿ ಅಗ್ಗ ಎಂಬುದು ಅಗ್ಗವಾಗಿ ಉಳಿಯುವುದಿಲ್ಲ.

ನನ್ನ ಗಾಡಿ ಸಿಕ್ಕಿದ್ದು ಭದ್ರಾವತಿಯಲ್ಲಿ, ನಿವೃತ್ತ ನೌಕರರೊಬ್ಬರ ಮನೆಯಲ್ಲಿ. 2016ರ ಪೆಟ್ರೋಲ್, ಒಬ್ಬರೇ ಮಾಲೀಕರು, 64,000 ಕಿಲೋಮೀಟರ್, ಪ್ರತಿ ಸರ್ವಿಸಿನ ಬಿಲ್ಲೂ ದೇವರ ಕೋಣೆಯ ಕಪಾಟಿನಲ್ಲಿ. ಬೆಳಗ್ಗೆ ಏಳಕ್ಕೇ ಹೋದೆವು. ನಮ್ಮ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿಯಾಗಿ 1,500 ರೂಪಾಯಿ ಕೊಟ್ಟಿದ್ದೆ, ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ. ಅವರು ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು. ತಣ್ಣಗಿತ್ತು, ಅಂದರೆ ನಾವು ಬರುವ ಮೊದಲು ಯಾರೂ ಸ್ಟಾರ್ಟ್ ಮಾಡಿ ಬಿಸಿ ಮಾಡಿರಲಿಲ್ಲ. ಬಾಗಿಲ ಸುತ್ತಲಿನ ರಬ್ಬರ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆಗಳನ್ನು ಬೆರಳಿನಿಂದ ಎಣಿಸುತ್ತಾ ಹೋದರು. ಕಾಜಾ ಹಾಕಿದ ಹಾಗೆ ಸಮ ಅಂತರದಲ್ಲಿ ಇದ್ದವು. ಗುದ್ದಿ ಟಿಂಕರಿಂಗ್ ಆದ, ಅಂದರೆ ತಗಡು ಬಡಿದು ಸರಿಪಡಿಸಿದ ಗಾಡಿಯಲ್ಲಿ ಅವು ಹಾಗೆ ಸಿಗುವುದಿಲ್ಲವಂತೆ. ಟೈರಿನ ಮೇಲೆ 3217 ಎಂದಿತ್ತು. 2017ನೆಯ ಇಸವಿಯ 32ನೆಯ ವಾರ. ಟೈರಿನ ಗೀರುಗಳು ಆಳವಾಗಿದ್ದರೂ ರಬ್ಬರಿಗೆ ವಯಸ್ಸಾಗಿತ್ತು. ಅದನ್ನೇ ಹಿಡಿದು ಇಪ್ಪತ್ತು ಸಾವಿರ ಇಳಿಸಿದೆವು.

ಎರಡನೆಯ ಸಲ ಮನೆಯವರನ್ನೆಲ್ಲ ಕರೆದುಕೊಂಡು ಹೋದೆ, ಜೊತೆಗೆ ಹೊರನಾಡಿಗೆ ಒಯ್ಯುವ ದೊಡ್ಡ ಸೂಟ್‌ಕೇಸನ್ನೂ. ಮಾಲೀಕರ ಮನೆಯವರು ಇವರು ಇವತ್ತೇ ಹೊರಟುಬಿಡುತ್ತಾರೇನೋ ಎಂದುಕೊಂಡಿರಬೇಕು, ಕಾಫಿ ತಂದು ಕೊಟ್ಟರು. ಅಳತೆ ಪುಸ್ತಕದಲ್ಲಿ ನಾನು ಬರೆಯದೇ ಬಿಟ್ಟಿದ್ದ ಸಂಗತಿ ಅಲ್ಲಿ ಗೊತ್ತಾಯಿತು. ಅತ್ತೆ ಗಿಡ್ಡ, ನಾಲ್ಕು ಅಡಿ ಹತ್ತು ಇಂಚು. ಮೂರನೆಯ ಸಾಲಿನಲ್ಲಿ ಮಂಡಿ ಎಲ್ಲೂ ತಾಗದೆ ಕೂರಬಲ್ಲವರು ಅವರೊಬ್ಬರೇ ಎಂದು ನನ್ನ ಲೆಕ್ಕ. ಮಧ್ಯದ ಸೀಟನ್ನು ಮಡಚಿ ಸರಿಸಿದೆ. ಅವರು ಸೀರೆಯ ನೆರಿಗೆ ಎತ್ತಿಕೊಂಡು ಒಂದು ಕಾಲು ಒಳಗಿಟ್ಟರು. ನೆರಿಗೆ ಸೀಟಿನ ಕಬ್ಬಿಣದ ಹಳಿಗೆ ಸಿಕ್ಕಿತು. ಬಗ್ಗಿ, ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ನೆರಿಗೆ, ಹಿಡಿದುಕೊಳ್ಳಲು ಮೂರನೆಯ ಕೈ ಬೇಕಾಗಿತ್ತು. ಪರರ ಅಂಗಳದಲ್ಲಿ, ಮಾಲೀಕರ ಎದುರು. “ನಾನು ಮನೆಯಲ್ಲೇ ಇರುತ್ತೇನಪ್ಪಾ” ಎಂದರು. ಇಪ್ಪತ್ತಾರು ವರ್ಷ ರವಿಕೆ ಹೊಲಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಏಳು ಸೀಟು ಎಂದು ಬರೆಯುವವರು ಯಾರೂ ಸೀರೆ ಉಟ್ಟು ಒಳಗೆ ಹೋಗಿ ನೋಡಿರುವುದಿಲ್ಲ.

ಮಗಳು ಮಾತಿಲ್ಲದೆ ಹಿಂದೆ ಹೋಗಿ ಕುಳಿತಳು. ಅತ್ತೆಗೆ ಮಧ್ಯದ ಸಾಲಿನ ಎಡ ಕಿಟಕಿ, ಅಮ್ಮನಿಗೆ ಮುಂದಿನ ಸೀಟು. ಪೂರ್ತಿ ಹಿಂದೆ ಸರಿಸಿದರೆ ಮಂಡಿಯ ಮುಂದೆ ಏಳು ಇಂಚು ಉಳಿಯಿತು. ಹಿಂದಿನ ಅರ್ಧ ಸಾಲು ಮಡಚಿದಾಗ ಸೂಟ್‌ಕೇಸು ಮಲಗಿತು. 5,25,000ಕ್ಕೆ ಮಾತು ಮುಗಿಯಿತು.

ಕಾಗದಪತ್ರದಲ್ಲಿ ಒಂದು ಮುಳ್ಳು ಚುಚ್ಚಿತು. ಸಾಲ ತೀರಿ ಮೂರು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಆ ಬ್ಯಾಂಕೇ ಇನ್ನೊಂದರಲ್ಲಿ ವಿಲೀನವಾಗಿ, ಹಳೆಯ ಕಡತ ಯಾವ ಶಾಖೆಯಲ್ಲಿದೆ ಎಂದು ಪತ್ತೆಯಾಗಲು ಮೂರು ವಾರ ಹಿಡಿಯಿತು. ಬ್ಯಾಂಕಿನ ಪತ್ರವೂ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ನಮೂನೆ 35ಕ್ಕೆ ಅದರ ಸಹಿಯೂ ಬರುವ ತನಕ ಇಪ್ಪತ್ತೈದು ಸಾವಿರ ತಡೆಹಿಡಿದು, ಅದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದ್ದೆವು. ಹೆಸರು ಬದಲಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ನನ್ನ ಎದುರಿಗೇ ಸಹಿ ಹಾಕಿಸಿಕೊಂಡೆ. ಗಾಡಿ ಕೈಗೆ ಬಂದ ದಿನಾಂಕವನ್ನು ಗಂಟೆ ಸಮೇತ ಬರೆದುಕೊಂಡದ್ದು ಒಳ್ಳೆಯದಾಯಿತು. ಅದರ ಹಿಂದಿನ ವಾರದ ಸಂಚಾರ ದಂಡವೊಂದು ಆಮೇಲೆ ಕಾಣಿಸಿಕೊಂಡಿತು, ಅವರೇ ಕಟ್ಟಿದರು. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿದೆ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ನಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ಕಟ್ಟಬೇಕಾಯಿತು. ನಾಲ್ಕು ಟೈರು, ಬ್ಯಾಟರಿ, ಸಸ್ಪೆನ್ಷನ್ನಿನ ಬುಷ್‌ಗಳು, ವಿಮೆ, ಆರ್‌ಟಿಒ ಶುಲ್ಕ ಎಲ್ಲ ಸೇರಿ ಲಕೋಟೆಯಲ್ಲಿ ಉಳಿದದ್ದು 8,400 ರೂಪಾಯಿ.

ಮೊದಲ ಪ್ರಯಾಣ ಹೊರನಾಡಿಗೆ, ಆರೂ ಜನ. ಕೊಪ್ಪ ದಾಟಿ ತಿರುವುಗಳು ಶುರುವಾದ ಮೇಲೆ ಮಗಳು ಹಿಂದೆ ಸದ್ದಿಲ್ಲದಾದಳು. ಮೂರನೆಯ ಸಾಲು ಹಿಂದಿನ ಚಕ್ರದ ಮೇಲೆಯೇ ಇರುತ್ತದೆ, ಅಲ್ಲಿ ಕುಳಿತವರಿಗೆ ಓಲಾಟ ಹೆಚ್ಚು. ಜಯಪುರದಲ್ಲಿ ನಿಲ್ಲಿಸಿ, ನಿಂಬೆಹಣ್ಣು ಕೊಡಿಸಿ, ಅವಳ ಜಾಗಕ್ಕೆ ಚೂಡಿದಾರ್ ಹಾಕಿದ್ದ ಹೆಂಡತಿ ಹೋದಳು. ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ. ಮೇಲಿನ ಎಸಿಯ ಗಾಳಿ ನೆತ್ತಿಗೆ ಹೊಡೆಯುತ್ತದೆ ಎಂಬುದೊಂದೇ ಅವರ ದೂರು. ಊರಿಗೆ ಮರಳಿದ ಮೇಲೆ ಅಂಗಡಿಯಲ್ಲಿ ಉಳಿದ ಕಾಟನ್ ತುಂಡಿನಲ್ಲಿ ಅದಕ್ಕೊಂದು ಪರದೆ ಹೊಲಿದು, ಒತ್ತುಗುಂಡಿ ಹಾಕಿ ಕೊಟ್ಟಿದ್ದೇನೆ.