ದುಡಿಮೆಯ ಗಂಟೆ ಎಲ್ಲಿಂದ ಶುರು?

ಕಾಸರಗೋಡಿನ ಬದಿಯಡ್ಕದಿಂದ ಅಹಮದಾಬಾದಿಗೆ ಅಡಿಕೆ ಸಾಗಿಸುವ ಲಾರಿಯಲ್ಲಿ ನಾನು ಚಾಲಕ. ಈ ದಾರಿಯಲ್ಲಿ ರಾತ್ರಿ ನಿದ್ದೆಯನ್ನು ಹಕ್ಕಾಗಿ ಕೇಳಿ ಪಡೆದದ್ದು ಹೇಗೆಂದು ಜೊತೆಯ ಚಾಲಕರು ವಿಚಾರಿಸುತ್ತಿರುತ್ತಾರೆ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ದೂರದ ಮಾರ್ಗವಾದರೆ, ಅದೂ ಅಧಿಕಾರಿಯ ಒಪ್ಪಿಗೆಯಿದ್ದರೆ, 10 ಮತ್ತು 54. ಇದನ್ನು ಎತ್ತಿದಾಗ ಧಣಿಗಳು ಹೇಳಿದರು: "ಅದು ಐದು ಜನ ಕೆಲಸಗಾರರು ಇರುವಲ್ಲಿಗೆ ಮಾರಾಯ, ನನ್ನಲ್ಲಿರುವುದು ಎರಡೇ ಲಾರಿ." ಆ ಕಾಯ್ದೆಯ ಮಟ್ಟಿಗೆ ಅವರ ಮಾತು ಸರಿ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು, ಸಾರಿಗೆ ವಾಹನ ಓಡಿಸಲು ನೇಮಕಗೊಂಡ ಯಾರಿಗೇ ಆಗಲಿ ಅದೇ ಗಂಟೆಗಳನ್ನು ಅನ್ವಯಿಸುತ್ತದೆ. ಮಾಲೀಕನಿಗೆ ಎಷ್ಟು ಲಾರಿಗಳಿವೆ ಎಂದು ಅದು ಕೇಳುವುದಿಲ್ಲ. ಆ ಪುಟದ ಜೆರಾಕ್ಸ್ ತೆಗೆದು ಅವರ ಮೇಜಿನ ಮೇಲಿಟ್ಟೆ. ಮಾತುಕತೆ ಶುರುವಾದದ್ದು ಅಲ್ಲಿಂದಲೇ. ಈಗ ಹಳೆಯ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿದೆ. 8 ಗಂಟೆಯ ಮಿತಿಯೂ ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿಯೂ ಅದರಲ್ಲಿವೆ.

ನಿಜವಾದ ಜಗಳ ಇದ್ದದ್ದು ಗಂಟೆಯ ಎಣಿಕೆಯಲ್ಲಿ. ಚಕ್ರ ತಿರುಗಿದಷ್ಟೇ ಕೆಲಸ ಎಂಬುದು ಮಾಲೀಕರ ಲೆಕ್ಕ. ಬೆಳಿಗ್ಗೆ ಗೋದಾಮಿಗೆ ಹೋದವನು ಗೋಣಿ ಎಣಿಸಿ, ಟಾರ್ಪಾಲ್ ಹೊದೆಸಿ, ಹಗ್ಗ ಬಿಗಿದು ಹೊರಡುವಾಗ ಸಂಜೆಯಾಗುತ್ತಿತ್ತು. ಅಲ್ಲಿಂದ ರಾತ್ರಿಯಿಡೀ ಸ್ಟಿಯರಿಂಗ್. 1961ರ ಕಾಯ್ದೆ ಲೋಡು ಮಾಡುವುದನ್ನೂ ಇಳಿಸುವುದನ್ನೂ ವಾಹನದ ದುರಸ್ತಿಯನ್ನೂ ಕೆಲಸದ ಗಂಟೆಗೇ ಸೇರಿಸಿತ್ತು. ಸುಮ್ಮನೆ ಕಾಯುವುದನ್ನು ಕಾಲು ಗಂಟೆ ಮೀರಿದರೆ ಕೆಲಸವೆಂದು ಹಿಡಿಯುತ್ತಿರಲಿಲ್ಲ. ಇದು ನನಗೆ ಇವತ್ತಿಗೂ ಅನ್ಯಾಯವೆನಿಸುತ್ತದೆ. ಆದರೂ ಡ್ಯೂಟಿಯ ಆರಂಭದಿಂದ ಕೊನೆಯವರೆಗಿನ ಒಟ್ಟು ಹರವು 12 ಗಂಟೆ ದಾಟಬಾರದು ಎಂಬ ನಿಯಮ ನಮ್ಮ ಕೈ ಹಿಡಿಯಿತು. ಕಾದದ್ದು ಆ ಹರವಿನೊಳಗೆ ಬಂದೇ ಬರುತ್ತದೆ.

ಹಾಗಾಗಿ ಒಂದು ನೋಟ್‌ಬುಕ್ ಇಟ್ಟೆ. ಗೋದಾಮು ತಲುಪಿದ ಸಮಯ, ಲೋಡು ಮುಗಿದ ಸಮಯ, ಹೊರಟದ್ದು, ನಿಂತದ್ದು, ಮಲಗಿದ್ದು. ಗೋದಾಮಿನ ರೈಟರಿಂದ ಆಗಲೇ ಸಹಿ. ಮರುದಿನ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ತಿಂಗಳ ಲೆಕ್ಕಕ್ಕೆ ಕುಳಿತಾಗ ಧಣಿಗಳು ಆ ಪುಟಗಳನ್ನು ಮಾತಿಲ್ಲದೆ ಓದಿದರು.

ಈಗ ಲೋಡು ಸಂಜೆ, ಹೊರಡುವುದು ಮರುದಿನ ಬೆಳಗ್ಗೆ. ಐದು ಗಂಟೆಯ ಓಟದೊಳಗೆ ಅರ್ಧ ಗಂಟೆ ವಿರಾಮ. ತಲಪಾಡಿ ದಾಟಿ ಕರಾವಳಿಯುದ್ದಕ್ಕೂ ಹೋದರೆ ಅಂಕೋಲಾದಲ್ಲಿ ಆ ದಿನಕ್ಕೆ ಮುಕ್ತಾಯ. ಅಲ್ಲಿಂದ ಹುಬ್ಬಳ್ಳಿಗೆ ಹೋಗುವಾಗ ಸಿಗುವ ಅರಬೈಲು ಘಟ್ಟವನ್ನು ದಣಿದ ಕಣ್ಣಿನಲ್ಲಿ ಏರಬಾರದು ಎಂಬುದನ್ನು ನಾನು ಬಿಟ್ಟುಕೊಡಲೇ ಇಲ್ಲ. ಒಂಬತ್ತು ಗಂಟೆ ಬಿಡುವಾದ ಮೇಲೆಯೇ ಹುಬ್ಬಳ್ಳಿಯ ದಾರಿ. ಬೇಗ ಮುಟ್ಟಿಸಿದರೆ ಕೊಡುತ್ತಿದ್ದ ಇನಾಮನ್ನು ನಿಲ್ಲಿಸಿ ಅದನ್ನು ದಿನದ ಬಾಟಾಕ್ಕೆ, ಅಂದರೆ ದಿನಭತ್ಯೆಗೆ, ಸೇರಿಸಲು ಕೇಳಿದೆ, ಒಪ್ಪಿದರು. ಮೀನಿನ ಲಾರಿಯವರ ಅವಸರ ನನಗೆ ಅರ್ಥವಾಗುತ್ತದೆ. ಒಣ ಅಡಿಕೆ ಒಂದು ದಿನ ತಡವಾದರೆ ಕೆಡುವುದಿಲ್ಲ.

ಇನ್ನು ಮಲಗುವ ಜಾಗದ ಪ್ರಶ್ನೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯ. ನಮ್ಮದು ಹಳೆಯ ಗಾಡಿ, ಏಪ್ರಿಲ್‌ನಲ್ಲಿ ಗುಜರಾತ್ ಹೊಕ್ಕರೆ ಒಳಗೆ ಕಣ್ಣು ಮುಚ್ಚಲಾಗದು. ಬೇಸಿಗೆ ಟ್ರಿಪ್ಪುಗಳಲ್ಲಿ ಲಾಡ್ಜಿನ ಬಾಡಿಗೆಯನ್ನು ಖರ್ಚಿಗೆ ಸೇರಿಸಬೇಕೆಂದು ಈಗ ಕೇಳುತ್ತಿದ್ದೇನೆ.