ಮಗನಿಗೆ ಪುಲಿಕೇಶಿ ಅಂತ ಹೆಸರಿಟ್ಟಿದ್ದು ಹೀಗೆ

ಹಸ್ತ ನಕ್ಷತ್ರ, ಮೊದಲ ಪಾದ, ಅಕ್ಷರ ‘ಪು’. ಮಗ ಹುಟ್ಟಿದ ಮರುದಿನ ಅಪ್ಪ ಪಂಚಾಂಗ ನೋಡಿ ಹೇಳಿದ್ದು ಇಷ್ಟೇ. ಹಸ್ತದ ಉಳಿದ ಮೂರು ಪಾದಗಳಿಗೆ ಷ, ಣ, ಠ ಬರುತ್ತವೆ. ಅವುಗಳಲ್ಲಿ ಹೆಸರು ಹುಡುಕೋದು ಎಷ್ಟು ಕಷ್ಟ ಅಂತ ಆ ನಕ್ಷತ್ರದ ಮಕ್ಕಳಿರುವ ಮನೆಯವರಿಗೆ ಗೊತ್ತು. ನಮಗೆ ‘ಪು’ ಬಂದಿದ್ದೇ ಪುಣ್ಯ ಅಂದುಕೊಂಡೆವು.

ಎಲ್ಲರ ಬಾಯಲ್ಲೂ ಮೊದಲು ಬಂದಿದ್ದು ಪುನೀತ್. ಒಳ್ಳೆಯ ಹೆಸರು. 2021ರ ಅಕ್ಟೋಬರ್ 29ರ ನಂತರವಂತೂ ಆ ಹೆಸರು ಕೇಳಿದರೆ ಎದೆ ತುಂಬಿ ಬರುತ್ತದೆ. ಆದರೆ ನಮ್ಮ ನೆಂಟರಿಷ್ಟರಲ್ಲೇ ಮೂವರು ಪುಟ್ಟ ಪುನೀತ್‌ಗಳು ಆಗಲೇ ಓಡಾಡಿಕೊಂಡಿದ್ದರು. ಆಮೇಲೆ ಪುರುಷೋತ್ತಮ, ಪುಂಡಲೀಕ, ಪುರಂದರ, ಪುಷ್ಕರ ಎಲ್ಲ ಬಂದು ಹೋದವು. ಒಂದು ಸಂಜೆ ಮಗುವಿಗೆ ಹಾಲು ಕುಡಿಸುತ್ತಾ ಹೆಂಡತಿ ಕೇಳಿದಳು: ‘ಪುಲಕೇಶಿ ಅಂತ ಇಟ್ಟರೆ ಹೇಗೆ?’

ಅವಳ ತವರು ಹುನಗುಂದದ ಕಡೆ. ಐಹೊಳೆ, ಪಟ್ಟದಕಲ್ಲು, ಬಾದಾಮಿ ಅವಳಿಗೆ ಪಾಠದ ಪುಸ್ತಕದ ಊರುಗಳಲ್ಲ, ಬಸ್ಸಿನ ಬೋರ್ಡಿನಲ್ಲಿ ದಿನಾ ಓದಿದ ಊರುಗಳು. ನನಗೂ ಹೆಸರು ಕೇಳಿದ ತಕ್ಷಣ ಹಿಡಿಸಿತು. ಆಗಲೇ ಒಂದು ವಿಷಯ ಹೊಳೆಯಿತು. ನರ್ಮದಾ ತೀರದಲ್ಲಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದವನು ಪುಲಕೇಶಿ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆದರೆ ನಾನು ಓದಿದ ಪ್ರತಿ ತರಗತಿಯಲ್ಲೂ ಒಬ್ಬ ಹರ್ಷ ಇದ್ದ. ಪುಲಕೇಶಿ ಒಬ್ಬನೂ ಇರಲಿಲ್ಲ. ಅದೇ ಚಾಲುಕ್ಯ ವಂಶದ ವಿಕ್ರಮಾದಿತ್ಯ ವಿಕ್ರಮ್ ಆಗಿ, ವಿನಯಾದಿತ್ಯ ವಿನಯ್ ಆಗಿ, ಕೀರ್ತಿವರ್ಮ ಕೀರ್ತಿಯಾಗಿ ನಮ್ಮ ನಡುವೆ ಇದ್ದಾರೆ. ಬೆಂಗಳೂರಿನಲ್ಲಿ ಪುಲಕೇಶಿನಗರ ಇದೆ. ಆ ಹೆಸರಿನ ಮಗುವನ್ನು ಮಾತ್ರ ನಾನು ಅವತ್ತಿನವರೆಗೆ ನೋಡಿರಲಿಲ್ಲ. ಕಾರಣ ದೊಡ್ಡದೇನಲ್ಲ ಅನಿಸುತ್ತದೆ. ಹೆಸರು ಉದ್ದ, ಮೊಟಕು ಮಾಡೋದು ಹೇಗೆ ಅಂತ ಗೊತ್ತಾಗಲ್ಲ. ಕೇಳಿದ ಕೂಡಲೇ ಕಿರೀಟ, ಕತ್ತಿ, ಮೀಸೆ ಕಣ್ಣಿಗೆ ಬರುತ್ತವೆ. ತೊಟ್ಟಿಲ ಕೂಸಿಗೆ ಅದು ಒಪ್ಪುತ್ತಾ ಅಂತ ಜನ ಹಿಂಜರಿಯುತ್ತಾರೆ.

ಅಪ್ಪನಿಗೆ ಹೆಸರು ಹೇಳಿದಾಗ ಅವರು ಬೇಡ ಅನ್ನಲಿಲ್ಲ. ‘ಅರ್ಥ ಏನು? ಗೊತ್ತು ಮಾಡಿಕೊಂಡು ಬಾ’ ಅಂದರು. ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೊಬೈಲಿನಲ್ಲಿ ಮಕ್ಕಳ ಹೆಸರಿನ ಪಟ್ಟಿಗಳನ್ನು ನೋಡಿದೆ. ಒಂದು ಕಡೆ ‘ರಾಜ’ ಅಂತ ಅರ್ಥ ಕೊಟ್ಟಿದ್ದರು. ಇನ್ನೊಂದು ಕಡೆ ‘ವೀರ’ ಅಂತ. ಅದು ಹೆಸರಿನ ಅರ್ಥವಲ್ಲ, ಹೆಸರು ಇಟ್ಟುಕೊಂಡವನ ಪರಿಚಯ. ರಾಮ ಅಂದರೆ ಅಯೋಧ್ಯೆಯ ದೊರೆ ಅಂದ ಹಾಗಾಯಿತು, ಅಲ್ವಾ? ಪದವನ್ನು ಬಿಡಿಸಿ ನೋಡಿದವರು ಅಲ್ಲಿ ಯಾರೂ ಸಿಗಲಿಲ್ಲ.

ಹಾಗಾಗಿ ನಾನೇ ಬಿಡಿಸಲು ಕೂತೆ. ‘ಕೇಶಿ’ ಸುಲಭ. ಕೇಶ ಅಂದರೆ ಕೂದಲು, ಕೇಶಿ ಅಂದರೆ ಚೆಂದದ ಕೂದಲು ಇರುವವನು. ಕೇಸರ ಇರುವುದರಿಂದ ಸಿಂಹಕ್ಕೂ ಆ ಹೆಸರಿದೆ. ನಮ್ಮ ಸೋದರತ್ತೆ ಒಬ್ಬರು ‘ಕೇಶಿ ಅಂದರೆ ಕೃಷ್ಣ ಕೊಂದ ರಾಕ್ಷಸ ಅಲ್ವೇನೋ’ ಅಂತ ಕೇಳಿದರು. ಅದೂ ನಿಜ. ಕುದುರೆಯ ರೂಪದಲ್ಲಿ ಬಂದ ಆ ಅಸುರನನ್ನು ಕೊಂದಿದ್ದರಿಂದಲೇ ಕೃಷ್ಣನಿಗೆ ಕೇಶವ ಅಂತ ಹೆಸರು ಬಂತು ಅನ್ನುವ ಕಥೆ ಇದೆ. ಆದರೆ ಕನ್ನಡಕ್ಕೆ ‘ಶಬ್ದಮಣಿದರ್ಪಣ’ ಕೊಟ್ಟ ವ್ಯಾಕರಣಕಾರನ ಹೆಸರೇ ಕೇಶಿರಾಜ. ಅದನ್ನು ಹೇಳಿದ ಮೇಲೆ ಅತ್ತೆ ಸುಮ್ಮನಾದರು.

ಕಷ್ಟ ಇದ್ದದ್ದು ಮೊದಲ ಎರಡು ಅಕ್ಷರಗಳಲ್ಲಿ. ‘ಪುಲ’ನಾ, ‘ಪುಲಿ’ನಾ? ನನ್ನ ಪಾಠಪುಸ್ತಕದಲ್ಲಿ ಪುಲಕೇಶಿ ಅಂತ ಇತ್ತು. 1967ರ ರಾಜ್‌ಕುಮಾರ್ ಚಿತ್ರದ ಹೆಸರು ‘ಇಮ್ಮಡಿ ಪುಲಿಕೇಶಿ’. ಎರಡೂ ನಡೆದುಕೊಂಡು ಬಂದಿವೆ. ಒಂದು ಗುಡಿಸು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಬೇರೆ ಅರ್ಥ.

ಗುಡಿಸು ಇದ್ದರೆ ಅದು ಹುಲಿ. ಹಳಗನ್ನಡದ ಪಕಾರ ಮುಂದೆ ಹಕಾರ ಆಯಿತು. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪುಲಿ ಹುಲಿಯಾಯಿತು. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡು ಅಂತ ಹೇಳುವ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇವತ್ತಿನ ಲಕ್ಷ್ಮೇಶ್ವರ. ಅದಕ್ಕೆ ಹುಲಿಗೆರೆ ಅಂತಲೂ ಕರೆಯುತ್ತಾರೆ. ಆ ಲೆಕ್ಕದಲ್ಲಿ ಪುಲಿಕೇಶಿ ಅಂದರೆ ಹುಲಿಯಂಥ ಕೂದಲಿನವನು. ಶಾಸನತಜ್ಞ ಜೆ. ಎಫ್. ಫ್ಲೀಟ್ ಇದನ್ನೇ ಹೇಳಿದ್ದರು, ಡಿ. ಸಿ. ಸರ್ಕಾರ್ ಕೂಡ ಇದೇ ಕಡೆ. ಅರ್ಧ ಕನ್ನಡ, ಅರ್ಧ ಸಂಸ್ಕೃತದ ಹೆಸರು.

ಗುಡಿಸು ಇಲ್ಲದಿದ್ದರೆ ಪೂರ್ತಿ ಸಂಸ್ಕೃತ. ಪುಲ ಅಂದರೆ ದೊಡ್ಡದು, ಕೇಶಿ ಅಂದರೆ ಸಿಂಹ. ಹಾಗಾಗಿ ಮಹಾಸಿಂಹ. ಇದು ಕೆ. ಎ. ನೀಲಕಂಠ ಶಾಸ್ತ್ರಿಗಳ ವಿವರಣೆ. ಪುಲಕ ಅನ್ನುವ ಮಾತನ್ನು ಹಿಡಿದು ರೋಮಾಂಚನಕ್ಕೆ ಜೋಡಿಸಲೂಬಹುದು. ನಾವು ದಿನಾ ಬಳಸುವ ಪುಳಕ ಅದೇ ತಾನೆ.

ಅಪ್ಪನಿಗೆ ಸಿಂಹ ಇಷ್ಟವಾಯಿತು. ನನಗೆ ಹುಲಿ. ಇಬ್ಬರಲ್ಲಿ ಯಾರು ಸರಿ ಅಂತ ತೀರ್ಮಾನ ಮಾಡಲು ಒಂದೇ ದಾರಿ ಇತ್ತು. ಆ ರಾಜನ ಕಾಲದಲ್ಲೇ ಅವನ ಹೆಸರನ್ನು ಹೇಗೆ ಬರೆದಿದ್ದರು ಅಂತ ನೋಡಬೇಕು.

ಬಾದಾಮಿಯ ಉತ್ತರದ ಕೋಟೆಯ ಬಂಡೆಶಾಸನದಿಂದ ಶುರು ಮಾಡಿದೆ. ಶಕ 465, ಅಂದರೆ ಕ್ರಿ.ಶ. 543. ವಾತಾಪಿಯ, ಅಂದರೆ ಬಾದಾಮಿಯ, ಕೋಟೆ ಕಟ್ಟಿದ್ದನ್ನು ಹೇಳುವ ಶಾಸನ. ಕಟ್ಟಿಸಿದವನು ಒಂದನೆಯ ಪುಲಕೇಶಿ. ಆದರೆ ಅಲ್ಲಿ ಇರುವುದು ಚಲಿಕ್ಯ ವಲ್ಲಭೇಶ್ವರ ಅನ್ನುವ ಬಿರುದು ಮಾತ್ರ, ಹೆಸರು ಇಲ್ಲ. ಅವತ್ತು ನನಗೆ ತುಂಬ ನಿರಾಸೆಯಾಯಿತು.

ಐಹೊಳೆಯ ಶಾಸನ ಹಾಗಲ್ಲ. ಮೇಗುಟಿ ಬೆಟ್ಟದ ಮೇಲಿನ ಜೈನ ದೇವಾಲಯದ ಪೂರ್ವದ ಗೋಡೆಯಲ್ಲಿ ಅದು ಇದೆ. ಕಾಲ ಶಕ 556, ಕ್ರಿ.ಶ. 634–35. ಬರೆದವನು ರವಿಕೀರ್ತಿ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಇಮ್ಮಡಿ ಪುಲಕೇಶಿ ಬದುಕಿದ್ದಾಗಲೇ, ಅವನ ಆಶ್ರಯದಲ್ಲಿದ್ದ ಕವಿಯೇ ಬರೆದದ್ದು. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? ಕೀಲ್‌ಹಾರ್ನ್ ಓದಿ ಪ್ರಕಟಿಸಿದ ಪಾಠ ‘ಎಪಿಗ್ರಾಫಿಯಾ ಇಂಡಿಕಾ’ದ 6ನೆಯ ಸಂಪುಟದಲ್ಲಿದೆ. ಅದರ ಆ ಪುಟಗಳನ್ನು ಮುದ್ರಿಸಿಕೊಂಡು, ಹೆಂಡತಿ ಮತ್ತು ಮಗು ತವರಿನಲ್ಲಿದ್ದಾಗ, ಒಂದು ಬೆಳಿಗ್ಗೆ ಬೇಗ ಮೇಗುಟಿ ಹತ್ತಿದೆ.

ಬೆಳಿಗ್ಗೆ ಹೋಗಿದ್ದು ಒಳ್ಳೆಯದಾಯಿತು. ಗೋಡೆ ಪೂರ್ವಕ್ಕಿದೆ. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳ ಅಂಚಿನಲ್ಲಿ ನೆರಳು ನಿಲ್ಲುತ್ತದೆ. ಹೊತ್ತು ಏರಿದ ಮೇಲೆ ಅದೇ ಅಕ್ಷರ ಕಲ್ಲಿನಲ್ಲಿ ಕರಗಿ ಹೋದ ಹಾಗೆ ಕಾಣುತ್ತದೆ. ನನಗೆ ಹಳಗನ್ನಡ ಲಿಪಿ ನೇರವಾಗಿ ಓದಲು ಬರುವುದಿಲ್ಲ. ಕೈಯಲ್ಲಿದ್ದ ಪಾಠ, ಗೋಡೆ ಎರಡನ್ನೂ ಸಾಲು ಸಾಲಾಗಿ ಹೋಲಿಸುತ್ತಾ ಹೋದೆ. ಒಂದನೆಯ ಪುಲಕೇಶಿಯ ಶ್ಲೋಕ ಹೀಗೆ ಶುರುವಾಗುತ್ತದೆ: ‘ತಸ್ಯಾಭವತ್ ತನೂಜಃ ಪೊಲೆಕೇಶೀ’. ಅವನು ವಾತಾಪಿ ಅನ್ನುವ ವಧುವಿಗೆ ವರನಾದ ಅಂತ ಮುಂದೆ ಹೇಳುತ್ತದೆ. ಮೊಮ್ಮಗನ ವಿಷಯ ಬಂದಾಗಲೂ ‘ಪೊಲೆಕೇಶಿನಾಮ್ನಿ’ ಅಂತಲೇ ಇದೆ. ಎರಡೂ ಸಲ ‘ಪೊಲೆ’. ಪುಲವೂ ಅಲ್ಲ, ಪುಲಿಯೂ ಅಲ್ಲ!

ದೇವಸ್ಥಾನದ ಕಟ್ಟೆಯ ಮೇಲೆ ತುಂಬ ಹೊತ್ತು ಕೂತಿದ್ದೆ. ಕೆಳಗೆ ಐಹೊಳೆಯ ಗುಡಿಗಳೆಲ್ಲ ಕಾಣುತ್ತಿದ್ದವು. ನಾನು ಹುಡುಕಿಕೊಂಡು ಬಂದ ಗುಡಿಸು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಒತ್ವ, ಎತ್ವ ಇದ್ದವು.

ಊರಿಗೆ ಬಂದು ಕಿಟ್ಟೆಲ್ ನಿಘಂಟು, ಸಾಹಿತ್ಯ ಪರಿಷತ್ತಿನ ನಿಘಂಟು ತೆಗೆದೆ. ನಮ್ಮ ಕನ್ನಡ ಮೇಷ್ಟ್ರ ಮನೆಗೂ ಹೋದೆ. ಅವರು ನಿವೃತ್ತರಾಗಿ ವರ್ಷಗಳಾಗಿವೆ. ಪ್ರಶ್ನೆ ಕೇಳಿದ ಕೂಡಲೇ ಅವರ ಮುಖ ಅರಳಿತು. ಆ ಕಾಲದ ಬರಹದಲ್ಲಿ ಎ–ಏ, ಒ–ಓ ಅಂತ ಬೇರೆ ಬೇರೆ ಗುರುತು ಇರಲಿಲ್ಲ, ಹಾಗಾಗಿ ಕಲ್ಲಿನಲ್ಲಿ ಕಂಡದ್ದನ್ನು ಹ್ರಸ್ವ ಅಂತಲೇ ಓದಬೇಕಿಲ್ಲ ಅಂತ ಮೊದಲು ಎಚ್ಚರಿಸಿದರು. ಆಮೇಲೆ ಕನ್ನಡದಲ್ಲಿ ಉಕಾರ ಒಕಾರ ಆಗುವುದನ್ನು ತೋರಿಸಿದರು. ಪುಗು ಅನ್ನುವುದು ಹೊಗು ಆಗಿದೆ. ಕುಡು ಅನ್ನುವುದು ಕೊಡು ಆಗಿದೆ. ಪುಲಿ ಪೊಲೆ ಆಗಲು ಕನ್ನಡದ ಬಾಯಿಗೆ ಕಷ್ಟವೇ ಇಲ್ಲ. ಪೂರ್ತಿ ಸಂಸ್ಕೃತದ ‘ಪುಲ’ ಆಗಿದ್ದರೆ, ಸಂಸ್ಕೃತದಲ್ಲೇ ಕಾವ್ಯ ಬರೆಯುತ್ತಿದ್ದ, ಕಾಳಿದಾಸ ಭಾರವಿಗಳ ಸಾಲಿನಲ್ಲಿ ನಿಲ್ಲುತ್ತೇನೆ ಅಂತ ಹೇಳಿಕೊಂಡ ರವಿಕೀರ್ತಿ ಅದನ್ನು ಪೊಲೆ ಅಂತ ಯಾಕೆ ಬರೆಯುತ್ತಿದ್ದ? ಹೆಸರನ್ನು ಜನ ಕರೆಯುತ್ತಿದ್ದ ಹಾಗೆ ಬರೆದಿದ್ದಾನೆ ಅಂತ ನನಗೆ ಅನಿಸುತ್ತದೆ. ಹೆಸರಿನ ಅರ್ಥದ ಜೊತೆ ಆಡುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಶಾಸನದಲ್ಲಿ ಸೋತ ಹರ್ಷನ ಬಗ್ಗೆ ‘ಭಯವಿಗಲಿತಹರ್ಷಃ’ ಅಂದಿದ್ದಾನೆ. ಹೆದರಿಕೆಯಿಂದ ಹರ್ಷನ ಹರ್ಷವೇ ಜಾರಿಹೋಯಿತಂತೆ.

ಇದಕ್ಕೆ ಎದುರು ಸಾಕ್ಷಿಯೂ ಇದೆ, ಅದನ್ನು ಬಚ್ಚಿಡಬಾರದು. ಚೀನಾದಿಂದ ಬಂದ ಹ್ಯೂಯೆನ್‌ತ್ಸಾಂಗ್ ಈ ರಾಜನ ಹೆಸರನ್ನು ಬರೆದುಕೊಂಡದ್ದು ‘ಪು-ಲೋ-ಕಿ-ಶೆ’ ಅಂತ. ಅವನ ಬರಹದಲ್ಲಿ ‘ಲೋ’ ಅಂದರೆ ನಮ್ಮ ‘ಲ’. ಅಂದರೆ ಪುಲಕೇಶಿ. ಇದನ್ನು ಹೇಳಿದಾಗ ಅಪ್ಪನಿಗೆ ಬಹಳ ಖುಷಿಯಾಯಿತು. ಬೇರೆ ಬೇರೆ ಶಾಸನಗಳಲ್ಲೂ ಎರಡೂ ಬಗೆಯ ರೂಪಗಳಿವೆ.

ಮೇಷ್ಟ್ರು ಒಂದು ತಕರಾರು ಮಾತ್ರ ತೆಗೆದರು. ‘ಪುಲಿ ಕನ್ನಡ, ಕೇಶಿ ಸಂಸ್ಕೃತ. ಇದು ಅರಿಸಮಾಸ ಕಣಯ್ಯಾ’ ಅಂದರು. ಕನ್ನಡ, ಸಂಸ್ಕೃತ ಪದಗಳನ್ನು ಕೂಡಿಸಿ ಸಮಾಸ ಮಾಡುವುದು ದೋಷ ಅಂತ ವ್ಯಾಕರಣ. ಆಮೇಲೆ ಅವರೇ ಸಮಾಧಾನ ಹೇಳಿದರು. ಬಿರುದಾವಳಿಗಳಲ್ಲಿ, ಹಿಂದಿನ ಕವಿಗಳ ಪ್ರಯೋಗದಲ್ಲಿ ಅರಿಸಮಾಸ ಸಲ್ಲುತ್ತದೆ. ರಾಜನ ಹೆಸರಿಗೆ ಅಷ್ಟು ಸಲಿಗೆ ಇರಲಿ ಅಂದರು.

ಅಪ್ಪನನ್ನು ಕೊನೆಗೆ ಒಲಿಸಿದ್ದು ಇದು ಯಾವುದೂ ಅಲ್ಲ. ವಂಶದ ಪಟ್ಟಿ. ಒಂದನೆಯ ಪುಲಕೇಶಿಯ ಮಗ ಕೀರ್ತಿವರ್ಮ. ಅವನ ಮಗ ಇಮ್ಮಡಿ ಪುಲಕೇಶಿ. ಅಂದರೆ ಮೊಮ್ಮಗನಿಗೆ ಅಜ್ಜನ ಹೆಸರು. ಇಮ್ಮಡಿ ಪುಲಕೇಶಿಗೆ ಮೊದಲು ಎರೆಯ ಅನ್ನುವ ಅಚ್ಚಗನ್ನಡದ ಹೆಸರಿತ್ತು ಅಂತ ಪೆದ್ದವಡಗೂರು ಶಾಸನದ ಆಧಾರದ ಮೇಲೆ ಇತಿಹಾಸಕಾರರು ಹೇಳುತ್ತಾರೆ. ಪಟ್ಟಕ್ಕೆ ಬಂದಾಗ ಅಜ್ಜನ ಹೆಸರು ತೆಗೆದುಕೊಂಡ. ನಮ್ಮಲ್ಲಿ ಇವತ್ತಿಗೂ ನಡೆಯುವ ಪದ್ಧತಿ. ಅಪ್ಪ ಪಟ್ಟಿಯನ್ನು ಎರಡು ಸಲ ಓದಿದರು. ‘ಹೆಸರು ನಿನ್ನಿಷ್ಟದ ಹಾಗೇ ಬರೆ. ಕಿವಿಯಲ್ಲಿ ಮಾತ್ರ ನಮ್ಮಪ್ಪನ ಹೆಸರನ್ನೂ ಹೇಳು’ ಅಂದರು.

ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರ ಕೈಗೆ ಕೊಟ್ಟರು. ‘ಪು’ ಬರೆದೆ. ಕೊಂಬು ಎಳೆಯುವಾಗ ಅಕ್ಕಿ ಸ್ವಲ್ಪ ಜರುಗಿ ತಟ್ಟೆಯ ತಳ ಕಂಡಿತು. ಆಮೇಲೆ ‘ಲ’ ಬರೆದೆ. ತಲಕಟ್ಟು ಕೊಡಬೇಕೋ, ಗುಡಿಸು ಕೊಡಬೇಕೋ ಅಂತ ಒಂದು ಕ್ಷಣ ಕೈ ನಿಂತಿತು. ಹೆಂಡತಿ ನನ್ನ ಮುಖ ನೋಡಿದಳು. ಗುಡಿಸು ಎಳೆದೆ. ಮೂರು ಸಲ ಕಿವಿಯಲ್ಲಿ ಹೇಳಿದೆ, ಮುತ್ತಜ್ಜನ ಹೆಸರನ್ನೂ ಸೇರಿಸಿ.

ಈ ದಾರಿಯಲ್ಲಿ ಬರುವವರಿಗೆ ಒಂದು ಮಾತು. ಹೆಸರು ಗಟ್ಟಿಯಾಗುವ ಮೊದಲೇ ಜನನ ನೋಂದಣಿ ಮಾಡಿಸಬಹುದು. 21 ದಿನದೊಳಗೆ ನೋಂದಣಿ ಮಾಡಿಸಿದರೆ ಸಾಕು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶ ಇದೆ. ಹಾಗಾಗಿ ಅವಸರದಲ್ಲಿ ಯಾವುದೋ ಕಾಗುಣಿತ ಬರೆಸಬೇಡಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ನಮ್ಮ ಮಗ ಹುಟ್ಟಿದ್ದು ಅದಾದ ಮೇಲೆ. ಒಂದು ಕಚೇರಿಯಲ್ಲಿ ಪರದೆಯ ಮೇಲೆ ‘ಪುಲ್ಕೇಶ್’ ಅಂತ ಬಂದಿತ್ತು. ಮುದ್ರಿಸುವ ಮೊದಲು ತೋರಿಸಿ ಅಂತ ಕೇಳಿದ್ದಕ್ಕೆ ಉಳಿಯಿತು. ಕನ್ನಡ, ಇಂಗ್ಲಿಷ್ ಎರಡನ್ನೂ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿ. ಅಪರೂಪದ ಹೆಸರನ್ನು ಬಾಯಲ್ಲಿ ಹೇಳಿದರೆ ಕೇಳಿಸಿಕೊಳ್ಳುವವರು ತಮಗೆ ಗೊತ್ತಿರುವ ಹೆಸರಿಗೆ ಹೊಂದಿಸಿಬಿಡುತ್ತಾರೆ.

ಅವನಿಗೆ ಈಗ ಎರಡು ವರ್ಷ ದಾಟಿದೆ. ಹೆಸರು ಉದ್ದ ಅಂತ ಹೆದರಿದ್ದೆವಲ್ಲ, ಪಕ್ಕದ ಮನೆಯ ಮಕ್ಕಳು ಒಂದೇ ವಾರದಲ್ಲಿ ಅದನ್ನು ಚಿಕ್ಕದು ಮಾಡಿದರು. ಅವರಿಗೆ ಹಳಗನ್ನಡ ಯಾರೂ ಹೇಳಿಕೊಟ್ಟಿಲ್ಲ. ಸಂಜೆಯಾದರೆ ಗೇಟಿನ ಹತ್ತಿರ ನಿಂತು ‘ಹುಲೀ, ಆಟಕ್ಕೆ ಬಾರೋ’ ಅಂತ ಕೂಗುತ್ತಾರೆ. ಇವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡುತ್ತಾನೆ.