ಅಡಗಿಸಿಟ್ಟ ದೇವರ ಜಾಡಿನಲ್ಲಿ: ಜಪಾನಿನ ಗುಪ್ತ ಕ್ರೈಸ್ತರ ಊರುಗಳನ್ನು ನೋಡುವುದು ಹೇಗೆ?

ಹಿರಾಡೊ ದ್ವೀಪದ ಕಸುಗಾ ಹಳ್ಳಿಗೆ ಹೋದವರಿಗೆ ಕಾಣುವುದು ಕಡಲಿನತ್ತ ಇಳಿದುಹೋಗುವ ಮೆಟ್ಟಿಲುಗದ್ದೆಗಳು, ಅಲ್ಲೊಂದು ಇಲ್ಲೊಂದು ಮನೆ, ಹಿಂದೆ ಯಾಸುಮಾನ್ ಬೆಟ್ಟ. ಇಗರ್ಜಿ ಇಲ್ಲ, ಶಿಲುಬೆ ಇಲ್ಲ, ಗಂಟೆಗೋಪುರವೂ ಇಲ್ಲ. ಆದರೂ ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ನಾಗಸಾಕಿ ಪ್ರದೇಶದ 12 ತಾಣಗಳಲ್ಲಿ ಈ ಹಳ್ಳಿಯೂ ಒಂದು. ಇಲ್ಲಿನ ರೈತರು, ಬೆಸ್ತರು ಎರಡು ಶತಮಾನಕ್ಕೂ ಹೆಚ್ಚು ಕಾಲ ತಮ್ಮ ನಂಬಿಕೆಯನ್ನು ಯಾರ ಕಣ್ಣಿಗೂ ಬೀಳದಂತೆ ಕಾಪಾಡಿಕೊಂಡರು. ಕಾಣಿಸಬಾರದೆಂದೇ ಬಾಳಿದವರ ಊರು ಇದು. ಸುಮ್ಮನೆ ಹೋಗಿ ನಿಂತರೆ ಗದ್ದೆ ನೋಡಿಕೊಂಡು ಹಿಂತಿರುಗಬೇಕಾಗುತ್ತದೆ. ಸ್ವಲ್ಪ ಸಿದ್ಧತೆ ಬೇಕು.

ಹೊರಡುವ ಮೊದಲು: ಆರು ಇಸವಿಗಳು

ಈ ಆರನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. 1549ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಾಗೊಶಿಮಾದಲ್ಲಿ ಇಳಿದರು. ಹಳೆಯ ಗೋವಾದ ಬೊಮ್ ಜೀಸಸ್ ಬಸಿಲಿಕಾದಲ್ಲಿ ನಮ್ಮಲ್ಲಿ ಅನೇಕರು ನೋಡಿರುವುದು ಇವರದೇ ಪಾರ್ಥಿವ ಶರೀರವನ್ನು. 1597ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೊಶಿಯ ಆಜ್ಞೆಯಂತೆ ನಾಗಸಾಕಿಯಲ್ಲಿ 26 ಮಂದಿ ಕ್ರೈಸ್ತರನ್ನು ಶಿಲುಬೆಗೇರಿಸಲಾಯಿತು. 1614ರಲ್ಲಿ ತೊಕುಗಾವಾ ಆಡಳಿತ ಇಡೀ ದೇಶದಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. 1644ರಲ್ಲಿ, ಉಳಿದಿದ್ದ ಕೊನೆಯ ಪಾದ್ರಿಯೂ ಕೊಲ್ಲಲ್ಪಟ್ಟರು. 1865ರಲ್ಲಿ, ಅಡಗಿದ್ದವರು ನಾಗಸಾಕಿಯ ಹೊಸ ಇಗರ್ಜಿಗೆ ತಾವಾಗಿ ಬಂದು ತಮ್ಮ ಗುಟ್ಟು ಹೇಳಿದರು. 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆಯಲಾಯಿತು.

ಇಡೀ ಪ್ರಯಾಣದ ಜೀವ ಇರುವುದು 1644 ಮತ್ತು 1865ರ ನಡುವೆ. ಪಾದ್ರಿಗಳಿಲ್ಲದ ಆ ಕಾಲದಲ್ಲಿ ಊರಿನ ಹಿರಿಯರೊಬ್ಬರು ಹಬ್ಬದ ದಿನಗಳ ಲೆಕ್ಕ ಇಟ್ಟರು, ಇನ್ನೊಬ್ಬರು ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದರು. ಪ್ರಾರ್ಥನೆಗಳು ಬಾಯಿಂದ ಬಾಯಿಗೆ ದಾಟಿದವು. ಅವುಗಳನ್ನು ಅವರು ‘ಒರಾಶೊ’ ಎನ್ನುತ್ತಿದ್ದರು. ಲ್ಯಾಟಿನ್ ಪದ ಜಪಾನೀ ನಾಲಿಗೆಯಲ್ಲಿ ಸವೆದು ಆದ ರೂಪ ಅದು. ನಮ್ಮ ‘ಪಾದ್ರಿ’ಗೆ ಮೂಲವಾದ ಪೋರ್ಚುಗೀಸ್ ಪದವೇ ಅಲ್ಲಿ ‘ಬಾತೆರೆನ್’ ಆಗಿತ್ತು.

ಎಷ್ಟು ದಿನ, ಯಾವ ಕ್ರಮ

ಹನ್ನೆರಡೂ ತಾಣಗಳನ್ನು ಒಂದೇ ಪ್ರಯಾಣದಲ್ಲಿ ಮುಗಿಸುವ ಹಟ ಬೇಡ. ಅವು ಎರಡು ಜಿಲ್ಲೆಗಳಲ್ಲಿ, ಹಲವು ದ್ವೀಪಗಳಲ್ಲಿ ಹರಡಿವೆ. ಒಂಬತ್ತು ಹತ್ತು ದಿನ ಇದ್ದರೆ ಮುಖ್ಯವಾದುವನ್ನು ಸಮಾಧಾನವಾಗಿ ನೋಡಬಹುದು. ನಾಲ್ಕೇ ದಿನ ಎನ್ನುವವರು ನಾಗಸಾಕಿ, ಸೊತೊಮೆ, ಹಿಸಾಕಾ ಮೂರನ್ನು ಆರಿಸಿಕೊಳ್ಳಿ. ಹತ್ತಿರದ್ದನ್ನು ಮೊದಲು, ದೂರದ್ದನ್ನು ನಂತರ ಎಂದು ಹೊರಡುವ ಬದಲು ಕಥೆ ನಡೆದ ಕ್ರಮದಲ್ಲೇ ಹೋಗಿ ಎಂಬುದು ನನ್ನ ಒತ್ತಾಯ. ಓಡಾಟ ಕೊಂಚ ಹೆಚ್ಚಾದರೂ ಪ್ರತಿ ಊರೂ ಮುಂದಿನ ಊರನ್ನು ಅರ್ಥಮಾಡಿಸುತ್ತದೆ.

ಫುಕುಒಕಾದ ಹಕಾತಾ ನಿಲ್ದಾಣದಿಂದ ತಾಕೆಒ ಒನ್ಸೆನ್‌ನಲ್ಲಿ ರೈಲು ಬದಲಿಸಿ ನಾಗಸಾಕಿ ತಲುಪಬಹುದು. ಹಳ್ಳಿಗಳಲ್ಲಿ ಬಸ್ಸುಗಳು ಕಡಿಮೆ. ಕಾರು ಬಾಡಿಗೆಗೆ ಪಡೆದರೆ ಅನುಕೂಲ. ಭಾರತದಲ್ಲಿ ಪಡೆದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಅಲ್ಲಿ ನಡೆಯುತ್ತದೆ, ವಾಹನಗಳೂ ನಮ್ಮಂತೆ ರಸ್ತೆಯ ಎಡಕ್ಕೇ ಓಡುತ್ತವೆ.

ನಿಶಿಜಾಕಾದಿಂದ ಆರಂಭಿಸಿ

ನಾಗಸಾಕಿ ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ನಿಶಿಜಾಕಾ ಗುಡ್ಡ. 1597ರ ಫೆಬ್ರುವರಿ 5ರಂದು 26 ಮಂದಿ ಸತ್ತದ್ದು ಇಲ್ಲಿ. ಕ್ಯೋಟೊ, ಒಸಾಕಾ ಕಡೆಯಿಂದ ಚಳಿಗಾಲದಲ್ಲಿ ಸುಮಾರು ಒಂದು ತಿಂಗಳು ನಡೆಸಿಕೊಂಡು ಬಂದು ಅವರನ್ನು ಕೊಂದರು. ಅತಿ ಕಿರಿಯ ಲುಯಿಸ್ ಇಬಾರಾಕಿಗೆ 12 ವರ್ಷ. ಸಾಲಾಗಿ ನಿಂತ ಕಂಚಿನ ಮೂರ್ತಿಗಳಲ್ಲಿ ಗೊನ್ಸಾಲೊ ಗಾರ್ಸಿಯಾ ಅವರದನ್ನು ಹುಡುಕಿ ನೋಡಿ. ಮುಂಬೈ ಬಳಿಯ ವಸಯಿಯಲ್ಲಿ ಪೋರ್ಚುಗೀಸ್ ತಂದೆ, ಭಾರತೀಯ ತಾಯಿಗೆ ಹುಟ್ಟಿದ ಈ ಫ್ರಾನ್ಸಿಸ್ಕನ್ ಸೋದರರು 1862ರಲ್ಲಿ ಸಂತಪದವಿ ಪಡೆದರು. ಭಾರತದಲ್ಲಿ ಹುಟ್ಟಿ ಆ ಪದವಿಗೆ ಏರಿದವರಲ್ಲಿ ಮೊದಲಿಗರು.

ಅದೇ ನಗರದಲ್ಲಿ ಓಉರಾ ಇಗರ್ಜಿಯೂ ಇದೆ. ಆದರೆ ಮೊದಲ ದಿನ ಅಲ್ಲಿಗೆ ಹೋಗಬೇಡಿ. ಅದರ ಸರದಿ ಮುಂದೆ ಬರುತ್ತದೆ.

ಹಾರಾ ಕೋಟೆ, ಸಕಿತ್ಸು

ಎರಡನೆಯ ದಿನ ಶಿಮಾಬಾರಾ ಪರ್ಯಾಯ ದ್ವೀಪದ ಹಾರಾ ಕೋಟೆಗೆ. ತೆರಿಗೆಯ ಹೊರೆ, ಬರ, ಧಾರ್ಮಿಕ ಕಿರುಕುಳಗಳಿಂದ ಬೇಸತ್ತ ಜನ 1637ರಲ್ಲಿ ದಂಗೆ ಎದ್ದು, ಇನ್ನೂ ಹದಿಹರೆಯದ ಅಮಾಕುಸಾ ಶಿರೊನ ಮುಂದಾಳತ್ವದಲ್ಲಿ ಈ ಪಾಳುಕೋಟೆ ಸೇರಿದರು. ಮರುವರ್ಷ ಕೋಟೆ ಬಿತ್ತು. ಒಳಗಿದ್ದ 20,000ಕ್ಕೂ ಹೆಚ್ಚು ಜನ, ಹೆಂಗಸರು ಮಕ್ಕಳೂ ಸೇರಿ, ಹತರಾದರು. ಸರ್ಕಾರ ಗೋಡೆಗಳನ್ನು ಕೆಡವಿ ಎಲ್ಲವನ್ನೂ ಮಣ್ಣಿನಡಿ ಹೂತುಹಾಕಿತು. ನಂತರದ ಉತ್ಖನನದಲ್ಲಿ ಮೂಳೆಗಳ ಜೊತೆಗೆ ಸೀಸದ ಗುಂಡುಗಳನ್ನು ಕರಗಿಸಿ ಮಾಡಿದ ಪುಟ್ಟ ಶಿಲುಬೆಗಳು ಸಿಕ್ಕವು. ಇಂದು ಅಲ್ಲಿರುವುದು ಕಡಲಿಗೆ ಮುಖಮಾಡಿದ ಹುಲ್ಲಿನ ದಿಬ್ಬ. 2008ರಲ್ಲಿ ಕಥೋಲಿಕ ಧರ್ಮಸಭೆ 188 ಜಪಾನೀ ಹುತಾತ್ಮರನ್ನು ಧನ್ಯರೆಂದು, ಅಂದರೆ ಸಂತಪದವಿಗೆ ಮುಂಚಿನ ಹಂತಕ್ಕೆ, ಘೋಷಿಸಿತು. ಆಯುಧ ಹಿಡಿದ ಹಾರಾದ ಜನ ಆ ಪಟ್ಟಿಯಲ್ಲಿಲ್ಲ. ಹುತಾತ್ಮ ಎಂದರೆ ಯಾರು ಎಂಬ ಪ್ರಶ್ನೆ ಇಲ್ಲಿ ನಿಂತಾಗ ಬೇಡವೆಂದರೂ ಏಳುತ್ತದೆ.

ಸಮೀಪದ ಕುಚಿನೊತ್ಸುವಿನಿಂದ ಫೆರಿ ಹಿಡಿದರೆ ಅರ್ಧ ಗಂಟೆಯಲ್ಲಿ ಅಮಾಕುಸಾದ ಒನಿಇಕೆ. ಅಲ್ಲಿಂದ ದ್ವೀಪದ ದಕ್ಷಿಣದ ಸಕಿತ್ಸು ಎಂಬ ಮೀನುಗಾರರ ಹಳ್ಳಿಗೆ ಹೋಗಿ. ಇಲ್ಲಿ ಅವಸರ ಬೇಡ, ಒಂದು ರಾತ್ರಿ ಆ ಕಡೆಯೇ ಉಳಿಯಿರಿ. ಅಬಲೋನಿ ಎಂಬ ಕಡಲಚಿಪ್ಪಿನ ಒಳಮೈಯ ಹೊಳಪಿನ ಗೆರೆಗಳಲ್ಲಿ ಈ ಬೆಸ್ತರು ಮರಿಯಮ್ಮನನ್ನು ಕಂಡು ಪೂಜಿಸುತ್ತಿದ್ದರು. ಜಪಾನಿನ ಮೂಲಧರ್ಮವಾದ ಶಿಂಟೊದ ಗುಡಿಯಲ್ಲಿ ಎಲ್ಲರಂತೆ ಕೈಮುಗಿಯುತ್ತಲೇ ಬಾಯೊಳಗೆ ‘ಆನ್ಮೆನ್ ರಿಯುಸು’ ಎನ್ನುತ್ತಿದ್ದರು. ‘ಆಮೆನ್ ದೇವುಸ್’ ಸವೆದು ಹಾಗಾಗಿತ್ತು. ಆ ಸುವಾ ಗುಡಿ ಇಂದಿಗೂ ಇದೆ, ಮೆಟ್ಟಿಲು ಹತ್ತಿ ತಿರುಗಿದರೆ ಇಗರ್ಜಿಯ ಗೋಪುರ ಕಾಣುತ್ತದೆ.

1934ರ ಆ ಇಗರ್ಜಿಯಲ್ಲಿ ಬೆಂಚುಗಳ ಬದಲು ಚಾಪೆಯ ನೆಲ. ಅದರ ಬಲಿಪೀಠ ಇರುವುದು ಊರ ಮುಖ್ಯಸ್ಥನ ಮನೆ ಇದ್ದ ಜಾಗದಲ್ಲಿ. ಪ್ರತಿವರ್ಷ ಊರಿನವರನ್ನು ಕರೆಸಿ ಯೇಸು ಅಥವಾ ಮರಿಯಮ್ಮನ ಚಿತ್ರಫಲಕದ ಮೇಲೆ ಕಾಲಿಡಿಸುತ್ತಿದ್ದ ‘ಫುಮಿಎ’ ಪರೀಕ್ಷೆ ನಡೆಯುತ್ತಿದ್ದುದು ಆ ಮನೆಯಲ್ಲಿ. ಕಾಲಿಟ್ಟವರು ಮನೆಗೆ ಹೋಗಿ ಪಶ್ಚಾತ್ತಾಪದ ಒರಾಶೊ ಹೇಳಿಕೊಂಡು ಅಳುತ್ತಿದ್ದರು, ಮುಂದಿನ ವರ್ಷ ಮತ್ತೆ ಕಾಲಿಡುತ್ತಿದ್ದರು. ಸತ್ತವರಿಗೆ ಸ್ಮಾರಕಗಳಿವೆ. ಮಕ್ಕಳಿಗೆ ಪ್ರಾರ್ಥನೆ ಕಲಿಸಲೆಂದು ಹೀಗೆ ಕಾಲಿಟ್ಟು ಬದುಕಿದವರನ್ನೂ ನಾನು ಅಷ್ಟೇ ಗೌರವದಿಂದ ನೆನೆಯುತ್ತೇನೆ.

ಸೊತೊಮೆ, ಆಮೇಲೆ ಓಉರಾ

ನಾಗಸಾಕಿಗೆ ಮರಳಿ, ಒಂದು ದಿನ ಸೊತೊಮೆ ಕರಾವಳಿಗೆ. ಶಿತ್ಸು ಮತ್ತು ಓನೊ ಹಳ್ಳಿಗಳು ಇಲ್ಲಿವೆ. ಏಳು ತಲೆಮಾರುಗಳ ನಂತರ ಹಡಗಿನಲ್ಲಿ ಪಾದ್ರಿ ಬರುತ್ತಾರೆ ಎಂದು ಬಾಸ್ತಿಯಾನ್ ಎಂಬ ಉಪದೇಶಿ ಹೇಳಿಹೋದ ಮಾತನ್ನು ಇಲ್ಲಿನವರು ನಂಬಿ ಕಾದರು. ಗುಟ್ಟಾಗಿ ಒರಾಶೊ ಹೇಳುತ್ತಿದ್ದ ಬಂಡೆಯ ಬಳಿಯ ಕಾರೆಮಾತ್ಸು ಗುಡಿಯಲ್ಲಿ ಸಾನ್ ಜಿವಾನ್ ಎಂಬ ಪಾದ್ರಿಯನ್ನೇ ದೇವರಾಗಿ ಇರಿಸಿಕೊಂಡಿದ್ದಾರೆ. 1879ರಲ್ಲಿ ಬಂದ ಫಾದರ್ ದ ರೊ ಬಡ ಹೆಂಗಸರಿಗಾಗಿ ಕಟ್ಟಿದ ನೇಯ್ಗೆ, ಶಾವಿಗೆ, ಬ್ರೆಡ್ಡಿನ ಕೆಲಸಮನೆಯನ್ನೂ ನೋಡಿ ಬನ್ನಿ.

ಈಗ ಓಉರಾಕ್ಕೆ ಹೋಗಿ. 1865ರ ಮಾರ್ಚ್ 17ರಂದು ಉರಾಕಾಮಿ ಹಳ್ಳಿಯ ಹದಿನೈದರಷ್ಟು ಜನ ಇಲ್ಲಿಗೆ ಬಂದರು. ಅವರಲ್ಲೊಬ್ಬ ಹೆಂಗಸು ಇಗರ್ಜಿಯ ಫ್ರೆಂಚ್ ಪಾದ್ರಿ ಫಾದರ್ ಪೆತಿಜಾನ್ ಅವರ ಬಳಿ ಸರಿದು, ನಮ್ಮ ಹೃದಯವೂ ನಿಮ್ಮದೂ ಒಂದೇ ಎಂದು ಪಿಸುಗುಟ್ಟಿದಳು. ಸಾಂತಾ ಮರಿಯಾ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಆ ಪ್ರತಿಮೆ ಇಂದಿಗೂ ಒಳಗಿದೆ. ಪೆತಿಜಾನ್ ಸೇರಿದ್ದ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆ ನಮ್ಮ ಮೈಸೂರು ಸೀಮೆಯಲ್ಲೂ ದುಡಿದದ್ದು. ಇಲ್ಲಿ ದುಡಿದ ಪಾದ್ರಿ ಅಬ್ಬೆ ದುಬುವಾ ಅದೇ ಸಂಸ್ಥೆಯವರು. ಹಾರಾ, ಸಕಿತ್ಸು, ಸೊತೊಮೆ ನೋಡಿ ಬಂದವರಿಗೆ ಆ ಪಿಸುಮಾತು ಎಲ್ಲಿಂದ ಬಂತೆಂದು ಗೊತ್ತಿರುತ್ತದೆ.

ಗೊತೊ ದ್ವೀಪಗಳು

ಅಲ್ಲಿಗೇ ಕಷ್ಟ ಮುಗಿಯಲಿಲ್ಲ. ನಿಷೇಧ ಇನ್ನೂ ಇತ್ತು. ಉರಾಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಲಾಯಿತು. 1868ರಲ್ಲಿ ಗೊತೊದ ಹಿಸಾಕಾ ದ್ವೀಪದಲ್ಲಿ ಸುಮಾರು 200 ಮಂದಿಯನ್ನು 20 ಚದರ ಮೀಟರಿನಷ್ಟು ಜಾಗಕ್ಕೆ ತುರುಕಿ ಎಂಟು ತಿಂಗಳು ಇಟ್ಟರು. ಕೂರಲೂ ಜಾಗವಿಲ್ಲ. 42 ಮಂದಿ ಸತ್ತರು. ಆ ಜಾಗ ರೋಯಾ ನೊ ಸಾಕೊ; ನೆನಪಿಗಾಗಿ ಕಟ್ಟಿದ ಇಗರ್ಜಿ ಅಲ್ಲಿದೆ. ಒಳಗೆ ಒಂದಷ್ಟು ಹೊತ್ತು ಮಾತಿಲ್ಲದೆ ನಿಲ್ಲಿ.

ನಾಗಸಾಕಿ ಬಂದರಿನಿಂದ ಗೊತೊದ ಫುಕುಎ ದ್ವೀಪಕ್ಕೆ ಜೆಟ್‌ಫಾಯಿಲ್ ಎಂಬ ವೇಗದ ಹಡಗಿನಲ್ಲಿ ಒಂದೂವರೆ ಗಂಟೆ, ಫೆರಿಯಲ್ಲಿ ಅದರ ಎರಡರಷ್ಟು. ಫುಕುಎಯಿಂದ ಹಿಸಾಕಾಕ್ಕೆ ಚಿಕ್ಕ ದೋಣಿ. ದ್ವೀಪದಲ್ಲಿ ವಾಹನ ತಾನಾಗಿ ಸಿಗುವುದಿಲ್ಲ, ಮುಂಚೆಯೇ ಹೇಳಿಟ್ಟಿರಬೇಕು. ನಾರು ದ್ವೀಪದ ಎಗಾಮಿಯಲ್ಲಿ ಮೀನು ಹಿಡಿದ ಹಣದಿಂದ 1918ರಲ್ಲಿ ಕಟ್ಟಿದ ಮರದ ಇಗರ್ಜಿ ಇದೆ, ಕಿಟಕಿ ಗಾಜಿನ ಮೇಲಿನ ಹೂಗಳನ್ನು ಕೈಯಿಂದ ಬರೆದದ್ದು. ಕಾಶಿರಾಗಾಶಿಮಾ ದ್ವೀಪದ ಕಲ್ಲಿನ ಇಗರ್ಜಿಗೆ ಸ್ವಂತ ಕಾರು ಒಯ್ಯುವಂತಿಲ್ಲ. ವಿಮಾನ ನಿಲ್ದಾಣದ ಬಳಿ ನಿಲ್ಲಿಸಿ ಅಲ್ಲಿನ ಬಸ್ ಹತ್ತಬೇಕು. ಓಜಿಕಾ ದ್ವೀಪದಿಂದ ದೋಣಿಯಲ್ಲಿ ಹೋಗುವ ನೊಝಾಕಿ ದ್ವೀಪದಲ್ಲಿ ಹಳ್ಳಿಗಳು ಬರಿದಾಗಿವೆ, ಜಿಂಕೆಗಳಿವೆ, 17 ಮನೆಗಳವರು ಸೇರಿ 1908ರಲ್ಲಿ ಕಟ್ಟಿಸಿದ ಇಟ್ಟಿಗೆಯ ಇಗರ್ಜಿ ಒಂಟಿಯಾಗಿ ನಿಂತಿದೆ. ಊಟ, ನೀರು ಕಟ್ಟಿಕೊಂಡೇ ಹೋಗಿ. ಚಂಡಮಾರುತದ ತಿಂಗಳುಗಳಲ್ಲಿ ದೋಣಿ ನಿಲ್ಲುವುದುಂಟು, ಒಂದು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಕೈಯಲ್ಲಿ ನಗದು ಇರಲಿ.

ಇಗರ್ಜಿಗಳಲ್ಲಿ ನಡವಳಿಕೆ

ಇವುಗಳಲ್ಲಿ ಹೆಚ್ಚಿನವು ಈಗಲೂ ಪ್ರಾರ್ಥನೆ ನಡೆಯುವ ಮನೆಗಳು. ಹಲವು ಇಗರ್ಜಿಗಳಿಗೆ ಹೋಗುವ ಮೊದಲು ನಾಗಸಾಕಿಯ ಮಾಹಿತಿ ಕೇಂದ್ರದ ಮೂಲಕ ದಿನ, ಸಮಯ ತಿಳಿಸಿರಬೇಕು. ಒಳಗೆ ಫೋಟೊ ತೆಗೆಯುವಂತಿಲ್ಲ. ಚಪ್ಪಲಿ ಬಿಡಿ, ಟೋಪಿ ತೆಗೆಯಿರಿ, ಬಲಿಪೀಠದ ಅಂಗಳಕ್ಕೆ ಕಾಲಿಡಬೇಡಿ. ಬಲಿಪೂಜೆ (ಮಾಸ್) ಅಥವಾ ಅಂತ್ಯಕ್ರಿಯೆ ನಡೆಯುತ್ತಿದ್ದರೆ ಹೊರಗೇ ಕಾಯಿರಿ. ಊರಿನವರ ಮನೆ, ಸಮಾಧಿಗಳ ಚಿತ್ರ ಕೇಳದೆ ತೆಗೆಯಬೇಡಿ. ಕಾಣಿಕೆ ಪೆಟ್ಟಿಗೆ ಕಂಡರೆ ಏನಾದರೂ ಹಾಕಿ. ಕೆಲವೇ ವೃದ್ಧರು ಗುಡಿಸಿ ಒರೆಸಿ ಕಾಯುತ್ತಿರುವ ಕಟ್ಟಡಗಳಿವು.

ಕೊನೆಗೆ ಹಿರಾಡೊ

1873ರ ನಂತರ ಎಲ್ಲರೂ ಕಥೋಲಿಕ ಸಭೆಗೆ ಮರಳಲಿಲ್ಲ. ಅಜ್ಜ ಮುತ್ತಜ್ಜಂದಿರು ಕಲಿಸಿದ ರೀತಿಯೇ ಸಾಕೆಂದು ಉಳಿದವರೂ ಇದ್ದರು. ಹಿರಾಡೊಗೆ ಸೇತುವೆಯಿಂದ ಸೇರಿದ ಇಕಿತ್ಸುಕಿಯಲ್ಲಿ ಅಂಥ ಮನೆಗಳು ಕೆಲವಿವೆ. ಒಳಕೋಣೆಯಲ್ಲಿ ಬಚ್ಚಿಟ್ಟ ದೇವರ ಚಿತ್ರಗಳಲ್ಲಿ ಮರಿಯಮ್ಮ ಕಿಮೊನೊ ಉಟ್ಟಿರುತ್ತಾಳೆ. ಅಂಥವನ್ನು ಶಿಮಾ ನೊ ಯಾಕಾತಾ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಅದಾದ ಮೇಲೆ ಕಸುಗಾಕ್ಕೆ ಬನ್ನಿ. ಮೊದಲು ಊರಿನ ಮಾಹಿತಿ ಮನೆಗೆ ಹೋಗಿ, ಅಲ್ಲಿನ ಹಿರಿಯರೊಡನೆ ಕುಳಿತುಕೊಳ್ಳಿ. ಮೊಬೈಲಿನ ಅನುವಾದ ಸಾಕಾಗುತ್ತದೆ. ಆಮೇಲೆ ಗದ್ದೆಯ ಏರಿಯ ಮೇಲೆ ನಡೆದು ಕಡಲಿನತ್ತ ನೋಡಿ. ನೀರಿನಲ್ಲಿ ಬರಿಯ ಬಂಡೆಯಂತೆ ಕಾಣುವುದು ನಕಾಎನೊಶಿಮಾ. 1620ರ ದಶಕದಲ್ಲಿ ಕ್ರೈಸ್ತರನ್ನು ಒಯ್ದು ಕೊಂದ ಜಾಗ. ಅದರ ಬಂಡೆಯ ಬಿರುಕಿನಲ್ಲಿ ಒಸರುವ ನೀರನ್ನು ಇಕಿತ್ಸುಕಿಯವರು ಒರಾಶೊ ಹೇಳುತ್ತ ಹಿಡಿದು ತಂದು ಜ್ಞಾನಸ್ನಾನಕ್ಕೆ ಬಳಸುತ್ತಿದ್ದರು. ಅಲ್ಲಿಗೆ ಪ್ರವಾಸಿಗರು ಇಳಿಯುವಂತಿಲ್ಲ, ಗದ್ದೆಯಿಂದಲೇ ನೋಡಬೇಕು. ಬೆಳಕು ಹೋಗುವ ಮೊದಲೇ ಬಂದರೆ ಒಳ್ಳೆಯದು.